ಮುಂದಕ್ಕ ಆಡಸ್ರೀ

ಮತ್ತೆ ಹಿಂದಕ್ಕೆ, ಚೆಂಡು ಮತ್ತೆ ಹಿಂದಕ್ಕೇ ಹೋಯಿತು, ನಡುಗೆರೆ ದಾಟಿ ಹತ್ತು ಹೆಜ್ಜೆ ಬಂದಿದ್ದ ನೀಲಿ ಅಂಗಿಯವನು ಎದುರಿಗೆ ಅಷ್ಟಗಲ ಬಯಲು ಖಾಲಿ ಬಿದ್ದಿದ್ದರೂ ತಿರುಗಿ ತನ್ನ ಗೋಲ್‌ಕೀಪರನಿಗೇ ಒದ್ದ, ಕೀಪರ್ ಅದನ್ನು ಆಕಾಶಕ್ಕೆ ಒದ್ದ, ಆಕಾಶದಿಂದ ಇಳಿದದ್ದು ಹಳದಿಯವರ ಕಾಲಿಗೆ — ಲೀಲಾವತಿಯ ಮುಷ್ಟಿಯಲ್ಲಿ ಶೇಂಗಾ ಪೊಟ್ಟಣ ನುಜ್ಜುಗುಜ್ಜಾಯಿತು, ಗೋಲು ಆ ಕಡೆ ಐತಪ್ಪಾ, ಆ ಕಡೆ, ಎಂದು ಹಲ್ಲಿನ ಸಂದಿಯಲ್ಲೇ ಅಂದುಕೊಂಡಳು, ಏಳು ಪಂದ್ಯದಲ್ಲಿ ಒಂದೇ ಒಂದು ಗೋಲಿಲ್ಲ, ಇದು ಎಂಟನೆಯದು, ಲೀಗಿನ ಕೊನೆಯದು, ಇವತ್ತು ಸೋತರೆ ವಿಶಾಖಪಟ್ಟಣದ ಸಾಗರತೀರ ಸ್ಪೋರ್ಟಿಂಗ್ ಕೆಳಗಿನ ದರ್ಜೆಗೆ ಬಿದ್ದಂತೆ, ಸಮವಾದರೆ ಉಳಿದಂತೆ, ಅದಕ್ಕೇ ಈ ಕೋಚ್ ಹಿಂದೆ ಐದು ಜನರನ್ನು ಗೋಡೆ ಕಟ್ಟಿದ ಹಾಗೆ ನಿಲ್ಲಿಸಿರುವುದು, ಮುಂದೆ ಒಬ್ಬನೇ ಸಾಯಿಕಿರಣ್, ಪಾಪ, ನಾಲ್ಕು ಜನ ಹಳದಿಯವರ ನಡುವೆ ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಂತಿದ್ದಾನೆ, ಸೊನ್ನೆ-ಸೊನ್ನೆ ಸಾಕಂತೆ, ಸೊನ್ನೆಗಾಗಿ ಆಡುವವರನ್ನು ಎಲ್ಲಾದರೂ ಕಂಡದ್ದುಂಟೇ, ಅವರೊಂದು ಹೊಡೆದುಬಿಟ್ಟರೆ ಆಮೇಲೆ ಇವರು ಹೊಡೆಯುವುದು ಹೇಗೆ, ಹೊಡೆಯುವುದೇ ಮರೆತುಹೋಗಿದೆಯಲ್ಲ — ಕೆಳಗೆ ಸುಣ್ಣದ ಗೆರೆಯ ಪಕ್ಕ ಕೈಕಟ್ಟಿ ನಿಂತ ಆ ಕೋಚ್ ತನ್ನ ಗಂಡ ಎಂಬುದು ಈ ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿಲ್ಲ, ತಾನು ವಿಜಯವಾಡಕ್ಕೆ ಬಂದು ಇಲ್ಲಿ ಕೂತಿರುವುದು ಆ ಗಂಡನಿಗೂ ಗೊತ್ತಿಲ್ಲ.

ಪಕ್ಕದಲ್ಲಿ ದಕ್ಷಿಣಾಮೂರ್ತಿಗಾರು ಎದ್ದು ನಿಂತೇ ಬೈಯುತ್ತಿದ್ದಾರೆ, ಏಂ ಕೋಚಮ್ಮಾ ಈಡು, ಎಂಥ ಕೋಚು ಇವನು, ಇದಿ ಫುಟ್‌ಬಾಲಾ, ವಾಚ್‌ಮನ್ ಉದ್ಯೋಗಮಾ — ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ನಿವೃತ್ತರಾದವರು, ದನಿಯಲ್ಲಿ ಇನ್ನೂ ಹಡಗಿನವರಿಗೆ ಕೇಳಿಸುವಷ್ಟು ಜೋರಿದೆ, ಬೆಳಿಗ್ಗೆ ಡಬಲ್ ಡೆಕ್ಕರ್ ರೈಲಿನಲ್ಲಿ ಎದುರು ಸೀಟು, ಹೆಗಲ ಮೇಲಿನ ನೀಲಿ ಟವೆಲ್ ನೋಡಿ ಇವಳೇ ಮಾತಾಡಿಸಿದ್ದು, ಮ್ಯಾಚಿಗಾ ಅಂಡಿ ಎಂದು, ಅನಕಾಪಲ್ಲಿ ಬರುವಷ್ಟರಲ್ಲಿ ಅವರು ಕೋಚಿನ ಏಳು ತಪ್ಪು ಹೇಳಿ ಮುಗಿಸಿದ್ದರು, ತುನಿ ದಾಟುವಾಗ ಇವಳು ಎಂಟನೆಯದನ್ನು ಸೇರಿಸಿದ್ದಳು, ಆ ದುರ್ಗಾಪ್ರಸಾದನನ್ನು ಬೆಂಚಿನ ಮೇಲೆ ಕೂರಿಸಿ ಕೊಳೆಸುತ್ತಿರುವುದು, ಬಾಗಾ ಚೆಪ್ಪಾರಮ್ಮಾ, ಚೆನ್ನಾಗಿ ಹೇಳಿದಿರಿ, ಎಂದು ತೊಡೆ ತಟ್ಟಿಕೊಂಡರು, ಆಮೇಲೆ, ಕೋಚ್ ನಿಮ್ಮ ಕನ್ನಡದವನೇ ಅಂತೆ, ಮೀಕು ತೆಲುಸಾ ಎಂದು ಕೇಳಿದರು, ತೆಲೀದಂಡಿ, ನನಗೆ ಗೊತ್ತಿಲ್ಲ, ಎಂದುಬಿಟ್ಟಳು, ಇಪ್ಪತ್ತೆಂಟು ವರ್ಷ ಆ ಮನುಷ್ಯನ ಜೊತೆ ಸಂಸಾರ ಮಾಡಿದ ಬಾಯಿಂದ, ರೈಲು ಅಲ್ಲಾಡುತ್ತಿದ್ದುದಕ್ಕೋ ಏನೋ ಸುಳ್ಳು ಸಲೀಸಾಗಿ ಬಂತು — ಗಂಡನಿಗೆ ಹೇಳಿದ್ದೂ ಸುಳ್ಳೇ, ಭಾನುವಾರ ಆಸ್ಪತ್ರೆ ಲ್ಯಾಬಿನಲ್ಲಿ ನನ್ನ ಡ್ಯೂಟಿ ಐತಿ ಎಂದು, ಅವರು ಶುಕ್ರವಾರ ತಂಡದ ಬಸ್ಸು ಹತ್ತಿದ ಮೇಲೆ ಲ್ಯಾಬಿನ ಅನಸೂಯಾಳಿಗೆ ಫೋನು ಮಾಡಿ ಡ್ಯೂಟಿ ಬದಲಾಯಿಸಿಕೊಂಡದ್ದು, ಮನೆಯಲ್ಲಿ ಕೂತು ನೋಡಿದರೆ ಟಿವಿ ಒಡೆದುಹಾಕಿಯೇನು ಅನ್ನಿಸಿತ್ತು, ಗುರುವಾರದ ಜಗಳ ಹಾಗಿತ್ತು, ಅಡುಗೆಮನೆಯ ಕಟ್ಟೆಯ ಮೇಲೆ ಬೆಳ್ಳುಳ್ಳಿ ಎಸಳು ಸಾಲಾಗಿ ಇಟ್ಟು ತೋರಿಸಿದ್ದಳು, ಇವು ನಿಮ್ಮ ಐದು ಮಂದಿ, ಇದರಾಗ ಒಂದು ತಗೀರಿ, ಪ್ರಸಾದನ್ನ ಎಡಕ್ಕ ಬಿಡ್ರೀ, ಆ ಹುಡುಗನ ಎಡಗಾಲು ನೋಡೀರೇನು, ಮುಂದಕ್ಕ ಆಡಸ್ರೀ, ಒಮ್ಮೆರ ಮುಂದಕ್ಕ ಆಡಸ್ರೀ — ಲೀಲಾ, ನಿನಗ ತಿಳಿಯಂಗಿಲ್ಲ, ಅವಾ ಚೆಂಡು ಕಳಕೋತಾನ, ಎಂದು ಪ್ರಸಾದನ ಎಸಳನ್ನು ಎತ್ತಿ ಒಗ್ಗರಣೆಗೆ ಎಸೆದರು, ಚುರ್ ಎಂದಿತು, ಆ ಕಡೆ ಕೋಣೆಯಿಂದ ಮಗಳು ಗಾನವಿ, ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದವಳು, ಅಮ್ಮಾ, ನಾನ್ನ ಜೊತೆ ಗೊಡವ ಬೇಡಮ್ಮಾ, ಊರ್ಕೋ ಎಂದು ಕೂಗಿದ್ದಳು, ಊರ್ಕೋಬೇಕಂತೆ, ಅಪ್ಪನ ಜೊತೆ ಜಗಳಾಡದೆ ಸುಮ್ಮನಿರಬೇಕಂತೆ.

ಚೆಂಡು ಕಳಕೋತಾನಂತೆ, ಹೇಳುವವರು ಯಾರು ನೋಡಿ, ಬೆಳಗಾವಿಯ ಕ್ಯಾಂಪ್ ಮೈದಾನದ ಕಲ್ಲುಗೋಡೆಯ ಮೇಲೆ ಅಣ್ಣಂದಿರ ಜೊತೆ ಕಾಲು ಇಳಿಬಿಟ್ಟುಕೊಂಡು ಕೂತ ಇಪ್ಪತ್ತೆರಡರ ಲೀಲಾವತಿ, ಎಡಗಡೆಯಿಂದ ಓಡಿಬರುವ ಆ ಉದ್ದ ಕಾಲಿನವನು, ಒಂದು ಸಲ ಚೆಂಡು ಕಳೆದುಕೊಂಡ, ಎರಡು ಸಲ, ಅಣ್ಣಂದಿರು ಶಿಳ್ಳೆ ಹೊಡೆದು ಅಣಕಿಸಿದರು, ಒಂಬತ್ತು ಸಲ, ಲೀಲಾವತಿ ಬೆರಳು ಮಡಚಿ ಎಣಿಸಿದ್ದಳು, ಹತ್ತನೇ ಸಲವೂ ಅವನು ಅದೇ ದಾರಿಯಲ್ಲಿ ನಾಚಿಕೆಯೇ ಇಲ್ಲದೆ ಓಡಿದ, ಗೋಲಾಯಿತೋ ಇಲ್ಲವೋ ಅದು ಈಗ ನೆನಪಿಲ್ಲ, ಓಡಿದ್ದು ನೆನಪಿದೆ, ಎರಡು ವರ್ಷದ ಮೇಲೆ ಅಪ್ಪ, ಹುಡುಗಗ ವಿಶಾಖಪಟ್ಟಣದಾಗ ಕಾರ್ಖಾನಿ ನೌಕರಿ ಸಿಕ್ಕೈತಿ, ಆಟದ ಕೋಟಾದಾಗ, ಅಷ್ಟು ದೂರ ಹೋಗ್ತೀ ಏನವಾ ಎಂದು ಕೇಳಿ ಮುಗಿಸುವ ಮೊದಲೇ ಹೂಂ ಅಂದಿದ್ದಳು — ಅದೇ ಮನುಷ್ಯ, ಅದೇ, ಈಗ ಕೈಕಟ್ಟಿ ನಿಂತು ಹಿಂದೆ ಬನ್ನಿ, ಹಿಂದೆ ಬನ್ನಿ ಎಂದು ತಲೆಯಾಡಿಸುತ್ತಾನೆ, ಕಾರಣ ಅವಳಿಗೆ ಗೊತ್ತಿಲ್ಲವೆಂದಲ್ಲ, ಹೋದ ವರ್ಷ ಇದೇ ಮೈದಾನದಲ್ಲಿ ಇದೇ ಹಳದಿ ಅಂಗಿಯ ಕೃಷ್ಣಾ ರೋವರ್ಸ್ ಆರು ಗೋಲು ಹೊಡೆದಿತ್ತು, ಅವತ್ತು ಈ ಕೋಚ್ ತನ್ನವರೆಲ್ಲರನ್ನೂ ಮುಂದೆ ಕಳಿಸಿದ್ದರು, ಆರು-ಸೊನ್ನೆ, ವಾಪಸ್ ಬಸ್ಸಿನಲ್ಲಿ ಅನಕಾಪಲ್ಲಿಯವರೆಗೂ ತುಟಿ ಬಿಚ್ಚಲಿಲ್ಲವಂತೆ, ಅಲ್ಲಿ ಬಸ್ಸು ನಿಲ್ಲಿಸಿ ಒಂದು ಅಚ್ಚು ಬೆಲ್ಲ ತಂದು ಮುರಿದು ಹುಡುಗರ ಕೈಗೆಲ್ಲ ಒಂದೊಂದು ತುಂಡು ಇಟ್ಟು ತಾವು ಮಾತ್ರ ತಿನ್ನದೆ ಕಿಟಕಿಯ ಆಚೆ ನೋಡುತ್ತ ಕೂತರಂತೆ, ಸಾಯಿಕಿರಣನೇ ಹೇಳಿದ್ದು, ಅವತ್ತಿನಿಂದ ಈ ಗೋಡೆ, ಗೊತ್ತು, ಎಲ್ಲ ಗೊತ್ತು, ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆಯೇ, ಇನ್ನಷ್ಟು ಏರುತ್ತದೆ.

ಅಯ್ಯೋ — ಹೋಯಿತು, ಎಲ್ಲಿಂದಲೋ ಬಂದ ಹಳದಿ ಅಂಗಿ, ದೂರದಿಂದಲೇ ಒದ್ದ, ಗೋಡೆಯಲ್ಲಿ ನಿಂತವನ ಬೆನ್ನಿಗೇ ಬಡಿದು ದಿಕ್ಕು ತಪ್ಪಿತು, ಕೀಪರ್ ಆ ಕಡೆ ಹಾರಿದ, ಚೆಂಡು ಈ ಕಡೆ ಹೋಯಿತು, ಒಂದು-ಸೊನ್ನೆ, ಸುತ್ತಲಿನ ವಿಜಯವಾಡವೆಲ್ಲ ಎದ್ದು ಕುಣಿಯಿತು, ನೀಲಿಯವರ ಈ ಮೂಲೆ ಒಂದೇ ದನಿಯಲ್ಲಿ ಕೂಗಲು ಹಿಡಿಯಿತು, ಚಂದ್ರಕಾಂತಾ, ರಾಜೀನಾಮಾ, ಚಂದ್ರಕಾಂತಾ, ರಾಜೀನಾಮಾ, ತಾಳಕ್ಕೆ ಸರಿಯಾಗಿ, ಮುನ್ನೂರು ಜನ, ದಕ್ಷಿಣಾಮೂರ್ತಿಗಾರು ಟವೆಲ್ ಬೀಸುತ್ತ ಎಲ್ಲರಿಗಿಂತ ಜೋರಾಗಿ, ಮದುವೆಯಾದಾಗಿನಿಂದ ಇವಳು ಬಾಯಿಬಿಟ್ಟು ಹೇಳದ ಹೆಸರು, ಗಂಡನ ಹೆಸರಿನ ಒಗಟು ಹೇಳಿಸುವಾಗಲೂ ಅತ್ತಿಗೆಯರ ಮುಂದೆ ಸೆರಗು ಕಚ್ಚಿಕೊಂಡು ನುಂಗಿದ ಹೆಸರು ಹೀಗೆ ಬೀದಿಯವರ ಬಾಯಲ್ಲಿ, ಸಂಕಟವಾಯಿತು, ಸಂಕಟದ ಹಿಂದೆಯೇ ಸರಿಯಾಯಿತು ಅಂತಲೂ ಅನ್ನಿಸಿತು — ಬಿಡುವಿನಲ್ಲಿ ಚಹಾ ಕುಡಿದಳೋ ಇಲ್ಲವೋ, ಭವಾನಿಪುರಂ ಕಡೆಯಿಂದ ಬರುವ ನದಿಗಾಳಿಗೂ ಬಿಸಿಲಿನ ಝಳ, ಎರಡನೇ ಅರ್ಧ ಶುರುವಾಗಿ ಇಪ್ಪತ್ತು ನಿಮಿಷ, ಆಗಲೂ ಐದು ಜನ ಹಿಂದೆ, ಸೋಲುತ್ತಿರುವಾಗಲೂ ಐದು ಜನ, ಅಂದರೆ ಈ ಮನುಷ್ಯ ಆಟ ನೋಡುತ್ತಲೇ ಇಲ್ಲ, ಇನ್ನೂ ಆ ಬಸ್ಸಿನಲ್ಲೇ ಕೂತಿದ್ದಾನೆ, ಯಾರಾದರೂ ಹೋಗಿ ಇಳಿಸಬೇಕು — ಎದ್ದಳು, ಮೆಟ್ಟಿಲು ಇಳಿದಳು, ತಂತಿಬೇಲಿ ಹಿಡಿದಳು, ಇಪ್ಪತ್ತು ಮಾರು ಆಚೆ ಅವರ ಬೆನ್ನು, ರೀ ಎಂದಳು, ಕೇಳಿಸಲಿಲ್ಲ, ರೀ, ಇಲ್ಲಿ ನೋಡ್ರೀ, ಆ ಗದ್ದಲದಲ್ಲಿ ಯಾರ ರೀ, ಯಾವ ರೀ, ಎದೆ ತುಂಬ ಉಸಿರು ತೆಗೆದುಕೊಂಡಳು, ಚಂದ್ರಕಾಂತಾ, ಚಂದ್ರಕಾಂತಾ, ಎಷ್ಟಂತ ಹಿಂದಕ್ಕ ಹೋಗ್ತೀ, ಮುಂದಕ್ಕ ಆಡಸು, ಪ್ರಸಾದನ್ನ ಇಳಸು, ಸತ್ತರ ಓಡಿ ಸಾಯೋಣು — ಇಡೀ ಮೈದಾನದಲ್ಲಿ ಬೆಳಗಾವಿಯ ಕನ್ನಡ ತಿಳಿಯುವ ಕಿವಿ ಎರಡೇ, ಆ ಎರಡೂ ತಿರುಗಿದವು, ಅವರು ಕಟ್ಟಿದ ಕೈ ಬಿಟ್ಟು ನೋಡಿದರು, ಬಾಯಿ ಸ್ವಲ್ಪ ತೆರೆದಿತ್ತು, ಮೊದಲ ಸಲ ಹೆಸರು ಹಿಡಿದು ಕರೆಸಿಕೊಂಡವರು ಹಾಗೇ ನೋಡುತ್ತಾರೇನೋ, ಬೆನ್ನ ಹಿಂದೆ ದಕ್ಷಿಣಾಮೂರ್ತಿಗಾರ ದನಿ ಮೆಲ್ಲಗೆ, ಅಮ್ಮಾ, ಮೀ ಆಯನಾ, ಅವುನಂಡಿ, ಮಾ ಆಯನೇ, ನನ್ನ ಗಂಡನೇ, ಎಂದಳು, ಅಯ್ಯಯ್ಯೋ, ತಪ್ಪೈಂದಮ್ಮಾ, ಅವರು ನಾಲಿಗೆ ಕಚ್ಚಿಕೊಂಡರು, ತಪ್ಪೇನಿಲ್ಲ, ತಿಟ್ಟಂಡಿ, ಇನ್ನೂ ತಿಟ್ಟಂಡಿ, ನಾನೊಬ್ಬಳೇ ಬೈದರೆ ಸಾಲುವುದಿಲ್ಲ.

ಫಲಕ ಮೇಲೆದ್ದಿತು, ಹಿಂದಿನ ಐವರಲ್ಲಿ ಒಬ್ಬ ಹೊರಗೆ, ಹದಿನೇಳನೇ ನಂಬರು ಒಳಗೆ, ದುರ್ಗಾಪ್ರಸಾದ್, ಬಂದವನೇ ಎಡಗಡೆ ಓಡಿದ, ಚೆಂಡು ಕಳೆದುಕೊಂಡ, ಸ್ಟ್ಯಾಂಡು ನರಳಿತು, ಅವಳು ಬೇಲಿ ಅಲ್ಲಾಡಿಸಿ ಮತ್ತ ಓಡೋ ಎಂದಳು, ಮತ್ತೆ ಓಡಿದ, ಮತ್ತೆ ಕಳೆದುಕೊಂಡ, ಆಹಾ ಇದು, ಇದು ಆಟ, ಹಳದಿಯವರ ಬಲಗಡೆಯವನಿಗೆ ಏದುಸಿರು ಹತ್ತುತ್ತಿದೆ ನೋಡಿ, ಮೂರನೇ ಸಲ ಅವನನ್ನು ಒಳಕ್ಕೆ ತೋರಿಸಿ ಹೊರಕ್ಕೆ ದಾಟಿದ, ಎಡಗಾಲು, ಬೆಣ್ಣೆಯಂಥ ಎಡಗಾಲು, ಚೆಂಡು ಬಾಗಿ ಬಂತು, ಸಾಯಿಕಿರಣ್ ತಲೆ ಕೊಟ್ಟ, ತಲೆಗೆ ಸಿಗಲಿಲ್ಲ, ಹೆಗಲಿಗೋ ಕಿವಿಗೋ ಎಲ್ಲಿಗೋ ತಾಗಿ, ಕಂಬಕ್ಕೆ ಬಡಿದು, ಒಳಗೆ — ಒಳಗೆ, ಒಳಗೆ, ಗೋಲು, ಎಂಟನೇ ಪಂದ್ಯದಲ್ಲಿ ಗೋಲು, ದಕ್ಷಿಣಾಮೂರ್ತಿಗಾರು ಯಾರದೋ ಹೆಗಲೇರಿದ್ದಾರೆ, ಅವಳ ಗಂಟಲಿಂದ ಬಂದದ್ದು ಕನ್ನಡವೂ ಅಲ್ಲ ತೆಲುಗೂ ಅಲ್ಲ, ಇತ್ತ ಗಂಡ, ಬೂಟಿನ ಲೇಸಿಗೆ ಎರಡೆರಡು ಗಂಟು ಹಾಕುವ ಮನುಷ್ಯ, ಗೆರೆ ದಾಟಿ ಒಳಕ್ಕೇ ಓಡಿಬಿಟ್ಟಿದ್ದಾರೆ, ಒಂದು ಬೂಟು ಎಲ್ಲೋ ಕಳಚಿಬಿದ್ದಿದೆ, ರೆಫರಿ ಕಾರ್ಡು ತೋರಿಸಿದರೆ ಕೈಮುಗಿದು ವಾಪಸ್ ಬಂದು ನಿಂತರು, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಪ್ಪು ಕಾಲುಚೀಲ, ಅದಕ್ಕೆ ಹಸಿ ಸುಣ್ಣ ಮೆತ್ತಿದೆ.

ಸಾಕು, ಒಂದು-ಒಂದು, ಉಳಿದೆವು, ಇನ್ನು ಆರೇ ನಿಮಿಷ, ಈಗ ಹಿಂದಕ್ಕ ಕರೀರಿ, ಎಲ್ಲಾರನ್ನೂ ಹಿಂದಕ್ಕ ನಿಲ್ಲಸ್ರೀ — ತನ್ನ ದನಿ ತನಗೇ ಕೇಳಿ ಲೀಲಾವತಿಗೆ ನಗು ಬಂತು, ಹೆದರಿಕೆಯೂ ಬಂತು, ಅವರು ತಿರುಗಿ ನೋಡಲೇ ಇಲ್ಲ, ಎರಡೂ ತೋಳು ಬೀಸಿ ಮುಂದೆ, ಮುಂದೆ, ಗೋಡೆಯ ಉಳಿದ ನಾಲ್ಕು ಇಟ್ಟಿಗೆಯೂ ಮುಂದೆ, ಕೊನೆಯ ನಿಮಿಷದ ಕಾರ್ನರಿಗೆ ಕೀಪರನನ್ನೂ ಕರೆದರು, ಹಸಿರು ಅಂಗಿಯ ಕೀಪರ್ ಎದೆ ತೋರಿಸಿ ನಾನಾ ಎಂದ, ನೀನೇ, ಬಾ ಎಂದು ಇವರು ಕೈ ಬೀಸಿದರು, ಯಾಕ್ರೀ, ಸಾಕಲ್ರೀ, ಹುಚ್ಚು ಹಿಡೀತೇನ್ರೀ ನಿಮಗ, ಹಿಂದೆ ಗೋಲು ಬಾಗಿಲು ತೆರೆದ ಮನೆಯ ಹಾಗೆ ಖಾಲಿ, ಕಾರ್ನರ್ ಬಂತು, ಹಳದಿಯವನ ತಲೆಗೆ ಸಿಕ್ಕಿತು, ಹೊರಕ್ಕೆ ಹಾರಿತು, ಅಲ್ಲಿದ್ದ ಇನ್ನೊಬ್ಬ ಹಳದಿಯವನು ಕಣ್ಣು ಮುಚ್ಚಿ ಒದ್ದ, ಚೆಂಡು ನಡುಗೆರೆ ದಾಟಿ ಖಾಲಿ ಗೋಲಿನ ಕಡೆ ಪುಟಿಯುತ್ತ ಹೋಗತೊಡಗಿತು, ಅವಸರವಿಲ್ಲದೆ, ಅದರ ಹಿಂದೆ ಒಬ್ಬನೇ ಒಬ್ಬ, ಸಾಯಿಕಿರಣ್, ಓಡೋ, ಓಡೋ ನನ್ನಪ್ಪಾ, ಚೆಂಡು ಗೋಲಿನ ಮುಂದಿನ ಸಣ್ಣ ಪೆಟ್ಟಿಗೆಯ ಗೆರೆ ದಾಟಿತು, ಅವನು ಬಿದ್ದು ಜಾರಿದ, ಧೂಳು ಎದ್ದಿತು, ಧೂಳಿನೊಳಗಿಂದ ಚೆಂಡು ಕಂಬದ ಆಚೆ ಹೊರಕ್ಕೆ ಚಿಮ್ಮಿತು, ಅವನು ಮಾತ್ರ ಬಲೆಯೊಳಗೆ ಸಿಕ್ಕಿ ಮಲಗಿ ಕೈ ಎತ್ತಿದ — ಶಿಳ್ಳೆ, ಉದ್ದನೆಯ ಶಿಳ್ಳೆ, ಮುಗಿಯಿತು, ಸಮ, ಉಳಿದೆವು, ಸುತ್ತ ಯಾರೋ ಅಳುತ್ತಿದ್ದಾರೆ, ಯಾರೋ ತಬ್ಬಿಕೊಳ್ಳುತ್ತಿದ್ದಾರೆ, ಚೀಲದಲ್ಲಿ ಫೋನು ಒದರುತ್ತಿದೆ, ಗಾನವಿಯೇ ಇರಬೇಕು, ತೆಗೆಯಲು ಕೈ ಬರಲಿಲ್ಲ, ಅವರು ಬೇಲಿಯ ಕಡೆ ಬರುತ್ತಿದ್ದಾರೆ, ಕುಂಟುತ್ತ, ಹುಡುಗರನ್ನೆಲ್ಲ ಬಿಟ್ಟು ನೇರ ಇಲ್ಲಿಗೆ, ತಂತಿಯ ಆಚೆ ನಿಂತು ಏದುಸಿರು ಬಿಡುತ್ತ ನೋಡಿದೇನ ಲೀಲಾ, ನೋಡಿದೇನ ಎಂದರು, ಬೈಯಬೇಕು, ಎದೆ ನಿಂತುಹೋಗುತ್ತಿತ್ತಲ್ರೀ ಎಂದು ಬೈಯಬೇಕು, ಹೆಸರು ಕೂಗಿದ್ದಕ್ಕೆ ಏನಾದರೂ ಹೇಳಬೇಕು, ಕಣ್ಣೆತ್ತಿ ಮುಖ ನೋಡಬೇಕು, ನೋಡಲಾಗದೆ ಕೆಳಗೆ ನೋಡಿದಳು, ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಕಪ್ಪು ಕಾಲುಚೀಲ, ತುದಿ ಹರಿದು ಹೊರಬಂದ ಹೆಬ್ಬೆರಳು, ಹೆಬ್ಬೆರಳ ಮೇಲೆ ಬೆಳ್ಳಗೆ ಸುಣ್ಣ, ಅದು ಇನ್ನೂ ಓಟದಲ್ಲೇ ಇರುವ ಹಾಗೆ ಕುಣಿಯುತ್ತಿತ್ತು, ಆ ಹೆಬ್ಬೆರಳು, ಸುಣ್ಣ ಮೆತ್ತಿದ ಹೆಬ್ಬೆರಳು —