ಎಡಗಡೆಯ ಕೊರಳಪಟ್ಟಿ

ಅಕ್ಕನಿಗೆ ಎಡಗಡೆಯ ಕೊರಳಪಟ್ಟಿ ಕೂರುತ್ತಿಲ್ಲ ಎಂದು ಮೊದಲ ಸಲ ಗೊತ್ತಾದ ದಿನ ನಾನು ಹೆದರಲಿಲ್ಲ. ಬೀದಿಯ ತುದಿಗೆ ಹೋದವಳು ಒಲೆ ಆರಿಸಿದ್ದೇನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನನ್ನ ಅಂಗೈ ಒದ್ದೆಯಾಗುತ್ತದೆ. ಅಂಥವಳು, ನಿಜವಾಗಿ ಹೆದರಬೇಕಾಗಿದ್ದ ದಿನ ಕಟರ್ ಹಿಡಿದುಕೊಂಡು ನನ್ನ ತಪ್ಪೆಲ್ಲಿ ಎಂದು ಹುಡುಕುತ್ತ ಕೂತಿದ್ದೆ.

ಅಕ್ಕ ಜನರಿಗೆ ಕಾರು ಓಡಿಸಲು ಕಲಿಸುತ್ತಾಳೆ. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು "ನಿಧಾನ, ನಿಧಾನ" ಎನ್ನುವುದು ಅವಳ ಕೆಲಸ. ಮನೆಗೆ ಬಂದಮೇಲೆ ಆ ಶಬ್ದ ಅವಳ ಬಾಯಲ್ಲಿ ಬರುವುದೇ ಇಲ್ಲ. ಈ ವರ್ಷ ನಗರದ ಸಭಾಂಗಣದಲ್ಲಿ ವೇಷ ಕಟ್ಟುವವರ ಪ್ರದರ್ಶನವಿದೆ, ತಾವೇ ಮಾಡಿದ ವೇಷದಲ್ಲಿ ಬರಬೇಕು ಎಂದು ಎಲ್ಲೋ ಓದಿಕೊಂಡು ಬಂದು, ಆ ವಾರವೇ ಒಂದು ಪಾತ್ರ ಹುಟ್ಟಿಸಿದಳು. ಬಾಹ್ಯಾಕಾಶ ನಿಲ್ದಾಣವೊಂದರ ಹನ್ನೊಂದನೇ ಗೇಟಿನ ಕಾವಲುಗಾರ್ತಿ. ಎದೆ, ಬೆನ್ನು, ಭುಜ, ತೊಡೆ, ಮಂಡಿ, ತಲೆಗೆ ಹೆಲ್ಮೆಟ್, ಕೊರಳ ಸುತ್ತ ಎತ್ತರದ ಪಟ್ಟಿ. ಎಲ್ಲವೂ ಫೋಮ್ ಹಾಳೆಯದು. ಬಣ್ಣ ಬಳಿದ ಮೇಲೆ ಉಕ್ಕಿನಂತೆ ಕಾಣಬೇಕು.

"ಮದುವೆ ಮಾಡ್ಕೋ ಅಂದ್ರೆ ಡಬ್ಬಿಯೊಳಗೆ ಕೂರ್ತಾಳಂತೆ," ಎಂದಳು ಅಮ್ಮ.

"ಅಲ್ಲಿ ಗಾಳಿ ಜಾಸ್ತಿ ಬರುತ್ತಮ್ಮ," ಎಂದಳು ಅಕ್ಕ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಗೆರೆಯ ಮೇಲೆ ನೆಟ್ಟಗೆ ಕತ್ತರಿಸುವುದು ನನಗೆ ಬರುತ್ತದೆ, ಅಕ್ಕನಿಗೆ ಬರುವುದಿಲ್ಲ. ಹಾಗಾಗಿ ಅಳತೆ ಮತ್ತು ಕತ್ತರಿಸುವ ಕೆಲಸ ನನ್ನದಾಯಿತು. ಹೀಟ್ ಗನ್ನಿನಿಂದ ಬಿಸಿ ಮಾಡಿ ಬಗ್ಗಿಸುವುದು, ಅಂಟಿಸುವುದು, ಬಣ್ಣ ಬಳಿಯುವುದು ಅವಳದು. ಊಟದ ಮೇಜು ನಮ್ಮ ಕಾರ್ಖಾನೆಯಾಯಿತು. ಅಮ್ಮ ತಟ್ಟೆ ಹಿಡಿದು ಸೋಫಾದ ಮೇಲೆ ಕೂತು ಉಂಡಳು.

ಅಳತೆ ತೆಗೆಯುವ ರೀತಿ ಹೀಗೆ. ಮೈಗೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟೇಪು ಸುತ್ತಬೇಕು. ಎದೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಬಲಗಡೆಯ ಅರ್ಧದ ಮೇಲೆ ಮಾತ್ರ ಕವಚದ ತುಂಡುಗಳನ್ನು ಬರೆದು, ಟೇಪನ್ನು ಕತ್ತರಿಸಿ ಬಿಡಿಸಿ, ಕಾಗದದ ಮೇಲೆ ಇಳಿಸಬೇಕು. ಎಡಗಡೆಗೆ ಬೇರೆ ಅಳತೆಯಿಲ್ಲ. ಅದೇ ಕಾಗದವನ್ನು ಮಗುಚಿ ಹಾಕಿದರೆ ಎಡದ್ದು ಸಿಗುತ್ತದೆ. ಈ ಕೆಲಸ ಮಾಡುವವರೆಲ್ಲ ಹೀಗೇ ಮಾಡುತ್ತಾರೆ. ದೇವರು ಮನುಷ್ಯನ ಒಂದು ಬದಿ ಮಾಡಿ ಇನ್ನೊಂದಕ್ಕೆ ನಕಲು ಹೊಡೆದಿದ್ದಾನೆ ಎಂದು ಎಲ್ಲರೂ ನಂಬಿದ್ದಾರೆ.

ಪ್ರತಿ ತುಂಡಿನ ಒಳಬದಿಯಲ್ಲೂ ನಾನು ಪೆನ್ಸಿಲಿನಲ್ಲಿ ಹೆಸರು, ಸಂಖ್ಯೆ, ತಾರೀಕು ಬರೆದೆ. ಮೊದಲ ಕರಡು, ಎರಡನೇ ಕರಡು ಎಂದು ಬರೆದು ಬರೆದು ಬಂದ ಚಾಳಿ ಅದು.

ಮೊದಲ ಸಲ ತೊಡಿಸಿ ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ಬಲಗಡೆಯ ಕೊರಳಪಟ್ಟಿ ಕುತ್ತಿಗೆಯ ಬುಡಕ್ಕೆ ಅಂಟಿದಂತೆ ಕೂತಿತು. ಎಡದ್ದು ಕೂರಲಿಲ್ಲ. ಒತ್ತಿದರೂ ಅದರ ಅಂಚು ಎದೆಫಲಕದ ಅಂಚಿಗೆ ತಾಗದೆ ಸಂದು ಉಳಿಯಿತು. ಸಂದಿನಲ್ಲಿ ಪೆನ್ಸಿಲು ತೂರಿಸಿ ನೋಡಿದೆ. ಹಿಡಿಯಿತು.

"ತಪ್ಪು ಕತ್ತರಿಸಿದ್ದೀಯ," ಎಂದಳು ಅಕ್ಕ.

"ಇಲ್ಲ. ಗೆರೆಯ ಮೇಲೇ ಕತ್ತರಿಸಿದ್ದೀನಿ. ನಿನ್ನ ಕತ್ತೇ ಸೊಟ್ಟ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಇಬ್ಬರೂ ನಕ್ಕೆವು. ನಾನು ತುಂಡಿನ ಒಳಗೆ 'ಒಂದು ಪೆನ್ಸಿಲು ಸಂದು' ಎಂದು ಬರೆದು ಪಕ್ಕಕ್ಕಿಟ್ಟೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಎರಡನೆಯದನ್ನು ಹೊಸ ಹಾಳೆಯಲ್ಲಿ, ಅದೇ ಕಾಗದವಿಟ್ಟು, ಉಸಿರು ಬಿಗಿಹಿಡಿದು ಕತ್ತರಿಸಿದೆ. ಮುಂದಿನ ಭಾನುವಾರ ತೊಡಿಸಿದಾಗ ಸಂದಿನಲ್ಲಿ ನನ್ನ ಕಿರುಬೆರಳು ಹೋಯಿತು.

"ಹೀಟ್ ಗನ್ ಜಾಸ್ತಿ ಹೊತ್ತು ಹಿಡಿದುಬಿಟ್ಟೆ ಅನ್ಸುತ್ತೆ. ಫೋಮು ಕುಗ್ಗಿದೆ," ಎಂದಳು ಅಕ್ಕ. ಬಿಸಿಗೆ ಫೋಮು ಸ್ವಲ್ಪ ಕುಗ್ಗುವುದು ನಿಜ. ಒಪ್ಪಿಕೊಂಡೆ. ಅಳತೆಪಟ್ಟಿ ಇಟ್ಟು ನೋಡಬಹುದಿತ್ತು. ನೋಡಲಿಲ್ಲ. ಎರಡು ದಿನ ಬಿಟ್ಟು ಮೂರನೆಯದನ್ನು ಕತ್ತರಿಸುವಾಗ ಎಡಗಡೆ ಒಂದು ಬೆರಳಗಲ ಹೆಚ್ಚು ಬಿಟ್ಟೆ. ಅದು ಸರಿಯಾಗಿ ಕೂತಿತು. ಅಕ್ಕ ಬಣ್ಣ ಬಳಿದು ಕಿಟಕಿಯ ಬಳಿ ಒಣಗಲು ಇಟ್ಟಳು. ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಹತ್ತು ದಿನ ಕಳೆದು, ಒಂದು ಶುಕ್ರವಾರ ಮಧ್ಯಾಹ್ನ, ಪೂರ್ತಿ ಕವಚ ತೊಟ್ಟು ನೋಡೋಣವೆಂದು ಅಕ್ಕ ಬೇಗ ಬಂದಳು. ಎದೆ, ಬೆನ್ನು ಹಾಕಿ ಬಕಲ್ ಬಿಗಿದೆ. ಬಲಗಡೆಯ ಕೊರಳಪಟ್ಟಿ ಕೂತಿತು. ಎಡದ್ದನ್ನು ಇಟ್ಟು ಒತ್ತಿದೆ.

"ಹಿಸುಕಬೇಡ್ವೇ, ಉಸಿರು ಕಟ್ಟುತ್ತೆ," ಎಂದಳು.

ಸಂದು ಮತ್ತೆ ಬಂದಿತ್ತು.

"ಬಿಚ್ಚು," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಎರಡೂ ಪಟ್ಟಿಗಳನ್ನು ಅಡುಗೆಮನೆಯ ಕಟ್ಟೆಗೆ ಒಯ್ದು, ಒಂದರ ಬೆನ್ನಿಗೆ ಒಂದನ್ನು ಜೋಡಿಸಿ ಬೆಳಕಿಗೆ ಹಿಡಿದೆ. ಎಡದ್ದು ಬಲದ್ದಕ್ಕಿಂತ ಒಂದು ಬೆರಳು ದೊಡ್ಡದಿತ್ತು. ಒಂದಿಷ್ಟೂ ಕುಗ್ಗಿರಲಿಲ್ಲ. ದೊಡ್ಡ ಪಟ್ಟಿಯನ್ನೂ ಮೀರಿ ಅದರಡಿ ಇನ್ನೇನೋ ಬೆಳೆದಿತ್ತು.

ನಲ್ಲಿ ತಿರುಗಿಸಿ ನೀರು ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ, ನಿಲ್ಲಿಸಿದೆ.

ಕೋಣೆಗೆ ಬಂದಾಗ ಅಕ್ಕ ಒಳಬನಿಯನ್ನಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತು ತೊಡೆಯ ಫಲಕದ ಬಣ್ಣ ಕೆರೆಯುತ್ತಿದ್ದಳು. ಬೆಳಕು ಅಡ್ಡವಾಗಿ ಬೀಳುತ್ತಿತ್ತು. ಕುತ್ತಿಗೆಯ ಬುಡದ ಎಲುಬಿನ ಮೇಲೆ ಎಲ್ಲರಿಗೂ ಒಂದು ಗುಳಿಯಿರುತ್ತದಲ್ಲ, ಅವಳ ಬಲಗಡೆಯ ಗುಳಿಯಲ್ಲಿ ನೆರಳಿತ್ತು. ಎಡಗಡೆ ನೆರಳಿರಲಿಲ್ಲ. ಅಲ್ಲಿ ಗುಳಿಯೇ ಇರಲಿಲ್ಲ.

"ಅಕ್ಕಾ, ಅದೇನು?"

ಅವಳು ಕೆಳಗೆ ನೋಡಲಿಲ್ಲ. "ಯಾವ್ದು? ಸೀಟ್ ಬೆಲ್ಟ್ ಉಜ್ಜಿ ಉಜ್ಜಿ ಹಂಗಾಗಿದೆ. ದಿನಕ್ಕೆ ಎಂಟು ಗಂಟೆ ಅದೇ ಭುಜ."

"ಮುಟ್ಟಿ ನೋಡ್ಕೊಂಡಿದ್ದೀಯಾ?"

ಅವಳು ಫಲಕ ಕೆರೆಯುತ್ತಲೇ ಇದ್ದಳು.

"ಸ್ನಾನ ಮಾಡ್ವಾಗ? ಒಂದು ಸಲವೂ ಇಲ್ವಾ?"

"ಆ ಕಡೆ ಸೋಪು ಹಾಗೇ ಜಾರಿಸಿಬಿಡ್ತೀನಿ," ಎಂದಳು. ಆಮೇಲೆ ಮೆಲ್ಲಗೆ, "ಮುಟ್ಟಿದ್ರೆ ಅದು ಇರುತ್ತೆ ಕಣೇ."

ನಾನು ಮುಟ್ಟಿದೆ. ಚರ್ಮದ ಕೆಳಗೆ, ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟ ಗೋಲಿಗಳ ಹಾಗೆ, ಮೂರೋ ನಾಲ್ಕೋ. ಒತ್ತಿದರೆ ಅಲುಗಲಿಲ್ಲ. ನೋಯುತ್ತದೆ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನೋಯುವ ಗಂಟಿಗೆ ಏನಾದರೊಂದು ಚಿಕ್ಕ ಕಾರಣವಿರುತ್ತದೆ ಎಂದು ನನ್ನ ಮಟ್ಟಿಗೆ ನಾನು ನಂಬಿದ್ದೆ.

"ನೋಯುತ್ತಾ?"

"ಇಲ್ವಲ್ಲ."

"ನಾಳೆ ಡಾಕ್ಟರ ಹತ್ರ ಹೋಗೋಣ."

"ಪ್ರದರ್ಶನ ಮುಗೀಲಿ. ಹದಿನಾರೇ ದಿನ. ನೀನು ಇನ್ನೊಂದು ಪಟ್ಟಿ ಕತ್ತರಿಸು, ಸಡಿಲವಾಗಿ."

"ಕತ್ತರಿಸಲ್ಲ."

"ಹಗ್ಗ ಕಂಡ್ರೆ ಹಾವು ಅನ್ನೋಳು ನೀನು. ಹೋದ ವರ್ಷ ನಿನ್ನ ತಲೆನೋವಿಗೆ ಮೂರು ಡಾಕ್ಟರು ನೋಡಿ ಕೊನೆಗೆ ಕನ್ನಡಕ ಬದಲಾಯಿಸು ಅಂದ್ರು, ನೆನಪಿದ್ಯಾ?"

ನೆನಪಿತ್ತು. ನನ್ನ ಹೆದರಿಕೆಗೆ ಮನೆಯಲ್ಲಿ ಬೆಲೆಯೇ ಉಳಿದಿರಲಿಲ್ಲ. ಇಷ್ಟು ವರ್ಷ ಅದನ್ನು ಪುಡಿಗಾಸಿನ ಹಾಗೆ ಎಲ್ಲೆಂದರಲ್ಲಿ ಎಸೆದಿದ್ದೆ. ಈಗ ಬೇಕಾದಾಗ ಕೈ ಖಾಲಿ.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಳು. "ಏನು ಗುಸುಗುಸು? ಡಬ್ಬಿಗೆ ಮುಚ್ಚಳ ಹತ್ತಲಿಲ್ವಾ?"

ಅಕ್ಕ ತಟ್ಟನೆ ಹೆಗಲಿಗೆ ಟವೆಲ್ ಎಳೆದುಕೊಂಡಳು. ಅವಳ ಮುಖದಲ್ಲಿ ಹೆದರಿಕೆ ಕಂಡದ್ದು ಆಗಲೇ. ನನಗೆ ಇನ್ನೇನೂ ಬೇಕಿರಲಿಲ್ಲ.

"ನಾಳೆ ಹನ್ನೊಂದಕ್ಕೆ ಅಕ್ಕ ನನ್ನ ಜೊತೆ ಹೊರಗೆ ಬರ್ತಾಳಮ್ಮ," ಎಂದೆ. "ಎಲ್ಲಿಗೆ ಅಂತ ಅವಳೇ ಹೇಳ್ತಾಳೆ. ಇಲ್ಲಾಂದ್ರೆ ನಾನೇ ಹೇಳ್ತೀನಿ."

ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. "ಬಣ್ಣ ತರೋಕೆ," ಎಂದಳು.

ಮರುದಿನ ಬಸ್ಸಿನಲ್ಲಿ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ನನ್ನ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು.

"ಚೀಲದಲ್ಲಿ ಏನು?" ಎಂದು ಕೊನೆಗೆ ಕೇಳಿದಳು.

"ಕರಡು."

ಡಾಕ್ಟರು ವಯಸ್ಸಾದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅಕ್ಕನ ಕುತ್ತಿಗೆ, ಕಂಕುಳು, ಹೊಟ್ಟೆಯನ್ನೆಲ್ಲ ಒತ್ತಿ ನೋಡಿ, "ಎಷ್ಟು ದಿನ ಆಯ್ತು?" ಎಂದರು.

"ಒಂದು ವಾರ ಇರಬಹುದು," ಎಂದಳು ಅಕ್ಕ. "ಹೆಚ್ಚೂ ಕಮ್ಮಿ ಅಷ್ಟೇ ಇದೆ. ಬೆಳೆದೇನೂ ಇಲ್ಲ."

ನಾನು ಚೀಲದಿಂದ ಮೂರೂ ಎಡಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಇದೇನಮ್ಮ, ಚಪ್ಪಲಿ ಅಂಗಡಿಯಾ?" ಎಂದರು ಡಾಕ್ಟರು.

ಹೇಳಿದೆ. ಕಾಗದ, ಮಗುಚುವುದು, ಸಂದು, ಎಲ್ಲವನ್ನೂ. ಮಾತು ತೊದಲಿತು. ಹೊರಗೆ ಕಾಯುವವರು ಕೆಮ್ಮುತ್ತಿದ್ದರು. ಮತ್ತೊಬ್ಬ ಹುಚ್ಚು ಹೆಂಗಸು ಎಂದುಕೊಳ್ಳುತ್ತಾರೆ ಎಂದು ಕಿವಿ ಬಿಸಿಯಾಯಿತು. ಅವರು ಮಾತ್ರ ಕನ್ನಡಕ ಏರಿಸಿ ಮೊದಲ ತುಂಡನ್ನು ಎತ್ತಿ ಅಕ್ಕನ ಕುತ್ತಿಗೆಗೆ ಹಿಡಿದರು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಪ್ರತಿಯೊಂದನ್ನೂ ತಿರುಗಿಸಿ ಒಳಗಿನ ತಾರೀಕು ಓದಿದರು. ಬೆರಳಲ್ಲಿ ದಿನ ಎಣಿಸಿದರು.

"ಇದನ್ನು ಬರೆದವರು ಯಾರು?"

"ನಾನೇ."

ಅವರು ಬರೆಯುತ್ತಿದ್ದ ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿದರು. "ಎರಡು ವಾರ ಬಿಟ್ಟು ಬನ್ನಿ ಅಂತ ಬರೀತಿದ್ದೆ. ಬೇಡ. ಸೋಮವಾರ ಬೆಳಿಗ್ಗೆ ಬನ್ನಿ. ಒಂದು ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸೋಣ."

ಅಕ್ಕ ನನ್ನ ಕೈ ಹಿಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದಳು. ಆಗ ಧೈರ್ಯಕ್ಕೆಂದು ಕೈ ಒತ್ತುತ್ತಿದ್ದವಳು ಅವಳು, ಈಗ ಒತ್ತಿದ್ದು ನಾನು.

ಫಲಿತಾಂಶ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಮುದ್ರಣಾಲಯದಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಮನೆಯಲ್ಲಿ ಕವಚ ಕುರ್ಚಿಯ ಮೇಲೆ ಕೂತಿರುತ್ತಿತ್ತು, ತಲೆಯಿಲ್ಲದೆ, ಎಡಗಡೆ ಕೊರಳಿಲ್ಲದೆ. ಅದರ ಮುಂದೆ ಹಾಯುವಾಗ ನಾನು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದೆ. ಕೊನೆಗೆ ಅಮ್ಮನಿಗೂ ಹೇಳಬೇಕಾಯಿತು. ಅಮ್ಮ ಅಳಲಿಲ್ಲ. ಕವಚದ ಮೇಲೊಂದು ಹಳೆ ಸೀರೆ ಹೊದಿಸಿದಳು, ಧೂಳು ಕೂರಬಾರದೆಂದು.

ಕಾಯಿಲೆ ಗ್ರಂಥಿಗಳದು. ಹೆಸರು ಉದ್ದವಿತ್ತು. ಚಿಕಿತ್ಸೆ ಇದೆ, ಆರು ತಿಂಗಳು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂದರು ಡಾಕ್ಟರು. ಗುಣವಾಗುತ್ತದಾ ಎಂದು ನಾನು ಕೇಳಿದ್ದಕ್ಕೆ, "ಬಹಳ ಜನರಿಗೆ ಆಗುತ್ತೆ," ಎಂದರು. 'ಬಹಳ' ಎಂಬ ಆ ಒಂದು ಶಬ್ದವನ್ನು ಮನೆಗೆ ತಂದು ಎಷ್ಟು ಸಲ ತಿರುವಿ ತಿರುವಿ ನೋಡಿದೆನೋ.

ಅಕ್ಕ ಕೇಳಿದ್ದು ಒಂದೇ. "ಈ ಭಾನುವಾರ ಪ್ರದರ್ಶನ ಇದೆ, ಬಿಡುವು ಕೊಡ್ತೀರಾ?"

ಹೊಲಿಗೆ ಹಾಕಿದ ಜಾಗಕ್ಕೆ ಏನೂ ತಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಒಪ್ಪಿದರು. ನಾಲ್ಕನೇ ಪಟ್ಟಿ ಕತ್ತರಿಸಿಕೊಡು ಎಂದು ಅಕ್ಕ ಮತ್ತೆ ಹೇಳಿದಳು, ಇನ್ನೂ ಅಗಲ ಮಾಡಿ, ಹೊಲಿಗೆಗೆ ತಾಗದಂತೆ.

"ಆ ಅಳತೆಗೆ ನಾನು ಕತ್ತರಿಸಲ್ಲ ಅಕ್ಕ," ಎಂದೆ. "ಪಟ್ಟಿ ಮೊದಲಿನದೇ. ನೀನೇ ಅದರ ಅಳತೆಗೆ ಬಾ."

ಹಾಗಾಗಿ ಅವಳು ಎಡಗಡೆ ಬರಿಗೊರಳಿನಲ್ಲಿ ಬ್ಯಾಂಡೇಜು ಕಾಣುವಂತೆ ಸಭಾಂಗಣದಲ್ಲಿ ನಡೆದಳು. "ಆ ಕಡೆ ಪಟ್ಟಿ ಎಲ್ಲಿ?" ಎಂದು ಯಾರೋ ಕೇಳಿದರು. "ಗೇಟಿನಲ್ಲಿ ಗಲಾಟೆ ಆಯ್ತು, ಇನ್ನೂ ನಡೀತಿದೆ," ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಅವಳ ಎಡಗಡೆಗೇ ನಿಂತಿದ್ದೆ, ಯಾರಾದರೂ ತಾಗಿಬಿಟ್ಟಾರೆಂದು ಎರಡೂ ಕೈ ಚಾಚಿಕೊಂಡು.

ಈಗ ಮೂರನೇ ತಿಂಗಳು. ಅಕ್ಕನ ಕೂದಲು ಹೋಗಿದೆ. "ಹೆಲ್ಮೆಟ್ ಸಡಿಲ ಆಗಿದೆ, ಅದನ್ನೂ ತಿದ್ದೇ, ಕರಡಮ್ಮ," ಎನ್ನುತ್ತಾಳೆ. ಆಸ್ಪತ್ರೆಯ ಸ್ಕ್ಯಾನ್ ಯಂತ್ರಗಳು ಏನು ಹೇಳುತ್ತವೆ ಎಂಬುದು ಮುಂದಿನ ತಿಂಗಳು ಗೊತ್ತಾಗುತ್ತದೆ. ಅಲ್ಲಿಯವರೆಗೆ ಕಾಯುವುದು ನನ್ನಿಂದಾಗದು. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಎದೆಫಲಕ ತೊಟ್ಟು ಕಿಟಕಿಯ ಬಳಿ ನಿಲ್ಲುತ್ತಾಳೆ. ನಾನು ಮೊದಲ ಎಡಪಟ್ಟಿಯನ್ನು ಮೆಲ್ಲಗೆ ಕುತ್ತಿಗೆಯ ಬುಡಕ್ಕಿಟ್ಟು ಸಂದು ನೋಡುತ್ತೇನೆ. ಶುರುವಿನಲ್ಲಿ ಎರಡು ಬೆರಳಿತ್ತು. ಆಮೇಲೆ ಒಂದು. ಆಮೇಲೆ ಕಿರುಬೆರಳು.

"ಎಷ್ಟು?" ಎಂದಳು ಅಕ್ಕ ಇವತ್ತು, ಸೂರು ನೋಡುತ್ತ.

"ಪೆನ್ಸಿಲು."

"ಹೋದ ವಾರ?"

ಹೋದ ವಾರದ ಅಳತೆ ಪಟ್ಟಿಯ ಒಳಬದಿಯಲ್ಲೇ ಬರೆದಿತ್ತು. ಸುಳ್ಳು ಹೇಳುವಂತಿರಲಿಲ್ಲ.

"ಹೋದ ವಾರವೂ ಪೆನ್ಸಿಲೇ."

ಬಕಲ್‌ಗಳು ಅವಳ ಉಸಿರಿಗೆ ಮೆಲ್ಲಗೆ ಕಿರುಗುಟ್ಟಿದವು.

"ಹಾಗಾದ್ರೆ ತೆಳ್ಳಗಿನ ಪೆನ್ಸಿಲು ತಗೊಳ್ಳೇ ಪುಕ್ಕಲಿ," ಎಂದಳು.

ಪಟ್ಟಿಯ ಒಳಬದಿಯಲ್ಲಿ ಇವತ್ತಿನ ತಾರೀಕು ಬರೆದೆ. ಜಾಗ ಮುಗಿಯುತ್ತ ಬಂದಿದೆ. ಮುಂದಿನ ವಾರಗಳಿಗೂ ಉಳಿಯಲಿ ಎಂದು ಅಂಕಿಗಳನ್ನು ಚಿಕ್ಕದಾಗಿ, ಒತ್ತೊತ್ತಾಗಿ ಬರೆದೆ.