ದೊರೆಸಾನಿಯ ಮೇಲೆ ಬಂದ ಆಪಾದನೆ

ರಾಜ್ಯಗಳು ಉರುಳಿದ್ದು, ಸಂಸಾರಗಳು ಒಡೆದದ್ದು ಯಾವ ಯಾವ ಕಾರಣಕ್ಕೆ ಎಂಬುದನ್ನು ಬಲ್ಲವರು ಬರೆದಿಟ್ಟಿದ್ದಾರೆ. ಅವರ ಗಮನಕ್ಕೆ ಬಾರದೆ ಹೋದ ಇನ್ನೊಂದು ಗಂಭೀರ ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ: ಹಲ್ಲಿನ ಮೇಸ್ತ್ರಿಯ ಹಿತ್ತಲಿನ ಕೋಳಿಗೂಡಿನಲ್ಲಿ ಮೊಟ್ಟೆ ಕಡಿಮೆಯಾಗತೊಡಗಿತ್ತು.

ಹಲ್ಲಿನ ಮೇಸ್ತ್ರಿ ಎಂದರೆ ದಂತವೈದ್ಯನಲ್ಲ. ವೈದ್ಯರು ಬಾಯಿ ತೆರೆಸಿ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ ಸೆಟ್ಟು ಕಟ್ಟುವವನು ಇವನು. ಮನೆಯ ಹಿಂಬದಿಯ ಕೋಣೆಯೇ ಅವನ ಕಾರ್ಖಾನೆ. ಊರಿನ ಅರ್ಧಕ್ಕರ್ಧ ಹಿರಿಯರ ದವಡೆಗಳು ಅಲ್ಲಿನ ಕಪಾಟಿನಲ್ಲಿ ಸಾಲಾಗಿ ಕೂತು, ಹೇಳಿದ ಮಾತಿಗೆಲ್ಲ ನಗುತ್ತಿದ್ದವು.

ಆ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಕೋಳಿಗೂಡು. ಮೊಟ್ಟೆಗೆ ಒಂದಷ್ಟು ಹೇಂಟೆ, ಮಾಂಸಕ್ಕೆ ಒಂದೆರಡು ಹುಂಜ ಎಂಬ ಲೆಕ್ಕದಲ್ಲಿ ಸಾಕಣೆ ಶುರುವಾದಾಗಲೇ ಮೇಸ್ತ್ರಿ ಒಂದು ಕಾನೂನು ಮಾಡಿದ್ದ.

"ನೋಡೇ, ಯಾವುದಕ್ಕೂ ಹೆಸರಿಡಕೂಡದು. ಹೆಸರಿಟ್ರೆ ಆಮೇಲೆ ಒಲೆ ಮೇಲಿಡೋಕೆ ಕೈ ಬರಲ್ಲ."

ಹೆಂಡತಿ ತಲೆಯಾಡಿಸಿದಳು. ವಾರ ಕಳೆಯುವುದರೊಳಗೆ, ಒದ್ದೆ ಅಂಗಳದಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದವಳಂತೆ ಒಂದೊಂದೇ ಕಾಲು ಮೇಲೆತ್ತಿ ನಡೆಯುವ ಚುಕ್ಕೆ ಹೇಂಟೆಯನ್ನು ದೊರೆಸಾನಿ ಎಂದು ಕರೆಯತೊಡಗಿದಳು.

"ಕಾನೂನು ಏನಾಯ್ತು?" ಎಂದ ಮೇಸ್ತ್ರಿ.

"ಅದು ಹೆಸರಲ್ಲರೀ, ಬೈಗುಳ."

ಬೈಗುಳಕ್ಕೆ ಓಗೊಡುತ್ತಿದ್ದ ದೊರೆಸಾನಿ ದಿನಾ ಮಧ್ಯಾಹ್ನ ಕಾರ್ಖಾನೆಯ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಕುತ್ತಿಗೆ ಓರೆ ಮಾಡಿ ಪ್ಲಾಸ್ಟರ್ ದವಡೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಅತೃಪ್ತಿಯಿಂದ ಕೊಕ್ಕೊಕ್ಕೆಂದು ಹೊರಗೆ ಹೋಗುತ್ತಿತ್ತು. ಹಲ್ಲೇ ಇಲ್ಲದ ಜೀವಕ್ಕೆ ಹಲ್ಲಿನ ವಿಷಯದಲ್ಲಿ ಇಷ್ಟು ಆಸಕ್ತಿ ಇರುವುದು ಮೇಸ್ತ್ರಿಗೆ ಹಿಡಿಸಿತ್ತು. ಅದು ಬಾರದ ದಿನ ಏನಾದರೊಂದು ನೆವ ಹೇಳಿಕೊಂಡು ಗೂಡಿನ ಕಡೆ ಹೋಗಿ ಬರುತ್ತಿದ್ದ. ಇದನ್ನು ಯಾರಾದರೂ ಪ್ರೀತಿ ಎಂದಿದ್ದರೆ ಮೈಮೇಲೆ ಬರುತ್ತಿದ್ದ.

ಇಂಥ ದೊರೆಸಾನಿಯ ಮೇಲೆ ಕಳ್ಳತನದ ಆಪಾದನೆ ಬಂತು. ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ ಮೊಟ್ಟೆಯ ಬದಲು ಒಡೆದ ಚಿಪ್ಪು, ಅಂಟಂಟು ಹುಲ್ಲು. ಒಂದು ದಿನದ ಮಾತು ಅಂದುಕೊಂಡು ಸುಮ್ಮನಾದರೆ ಮರುದಿನವೂ ಅದೇ. ಮೂರನೆಯ ಸಲ ಚಿಪ್ಪಿನ ಪಕ್ಕದಲ್ಲೇ ದೊರೆಸಾನಿ ನಿಂತಿತ್ತು. ಕೊಕ್ಕಿನ ತುದಿಯಲ್ಲಿ ಹಳದಿ.

"ಸಿಕ್ಕಿಬಿತ್ತು!" ಎಂದು ಕೂಗಿದವರು ಮಾವನವರು.

ಮಾವನವರು ಮೇಸ್ತ್ರಿಯ ಹೆಂಡತಿಯ ತಂದೆ. ಮಗಳ ಮನೆಯಲ್ಲೇ ವಾಸ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕಪ್ಪು ಕೋಟನ್ನು ಈಗಲೂ ಇಸ್ತ್ರಿ ಮಾಡಿಸಿ ಇಟ್ಟಿದ್ದರು. "ಟಿಕೆಟ್ ಇಲ್ಲದವನನ್ನ ಮುಖ ನೋಡೇ ಹಿಡೀತಿದ್ದೆ ಅಳಿಯಂದ್ರೇ, ಕೈ ನೋಡೋ ಅಗತ್ಯಾನೇ ಇರ್ತಿರಲಿಲ್ಲ. ಈಗ ಇದರ ಮುಖ ನೋಡಿ. ನೋಡಿ ಸ್ವಲ್ಪ."

ಮೇಸ್ತ್ರಿ ನೋಡಿದ. ಕೋಳಿಯ ಮುಖ ಕೋಳಿಯ ಮುಖದಂತೆಯೇ ಇತ್ತು.

"ಒಡೆದ ಮೊಟ್ಟೆ ಕಂಡ್ರೆ ಯಾವ ಕೋಳಿಯಾದ್ರೂ ಕುಕ್ಕುತ್ತೆ ಮಾವ. ಒಡೆದದ್ದು ಇದೇ ಅಂತ ಹೇಗೆ ಹೇಳೋದು?"

"ಹಾಗೇ ಅಂತಾರೆ ಎಲ್ಲರೂ. ಟಿಕೆಟ್ ಇನ್ನೊಬ್ಬರ ಹತ್ರ ಇದೆ ಸಾರ್, ಅವರು ಹಿಂದಿನ ಡಬ್ಬೀಲಿದಾರೆ ಸಾರ್ ಅಂತ."

ಮಾವನವರಿಗೆ ಈ ವಿಷಯದಲ್ಲಿ ಇಷ್ಟು ಆವೇಶ ಬಂದದ್ದು ಮನೆಯವರಿಗೆ ಆಶ್ಚರ್ಯವೇನಲ್ಲ. ಮೊಟ್ಟೆಯ ವಿಷಯದಲ್ಲಿ ಅವರು ನೊಂದ ಜೀವ. ಹೃದಯದ ಡಾಕ್ಟರು ಏನೋ ಹೇಳಿದ್ದೇ ಸಾಕು, ಮಗಳು ಅವರ ತಟ್ಟೆಗೆ ಬೇಯಿಸಿದ ಮೊಟ್ಟೆಯ ಬಿಳಿಯನ್ನಷ್ಟೇ ಬಡಿಸುತ್ತಿದ್ದಳು. ಹಳದಿ ಇರಬೇಕಾದ ಕಡೆ ಒಂದು ಗುಂಡಿ. ಆ ಗುಂಡಿಯನ್ನು ಅವರು ಊಟ ಮುಗಿಯುವವರೆಗೂ ನೋಡುತ್ತಿದ್ದರು.

ಹೆಂಡತಿ ತೀರ್ಪು ಕೊಟ್ಟಳು. "ಮೊಟ್ಟೆ ತಿನ್ನೋ ಚಾಳಿ ಒಂದಕ್ಕೆ ಹತ್ತಿದ್ರೆ ಉಳಿದವಕ್ಕೂ ಅಂಟುತ್ತೆ. ಭಾನುವಾರ ಚಿಕ್ಕಮ್ಮನ ಮನೆಯವರು ಊಟಕ್ಕೆ ಬರ್ತಾರೆ. ಹೇಗೂ ಒಂದು ಕೋಳಿ ಬೇಕಲ್ಲ, ಇದೇ ಆಗಲಿ."

"ಶನಿವಾರದವರೆಗೆ ಟೈಮ್ ಕೊಡು," ಎಂದ ಮೇಸ್ತ್ರಿ. "ಕಳ್ಳರು ಯಾರು ಅಂತ ನಾನು ಕಂಡುಹಿಡೀತೀನಿ."

"ಯಾಕ್ರೀ, ಬೈಗುಳಕ್ಕೆ ಅಷ್ಟೊಂದು ಹಚ್ಚಿಕೊಂಡ್ರಾ?"

"ನ್ಯಾಯ ಅಂತ ಒಂದಿರುತ್ತೆ," ಎಂದು ಅವನು ಕಾರ್ಖಾನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಗುರುತು ಹಿಡಿಯುವುದು ಅವನ ಕಸುಬೇ ಆಗಿತ್ತು. ಕಚ್ಚಿದ ಮೇಣದ ತುಂಡೊಂದನ್ನು ಕೊಟ್ಟರೆ, ಕಚ್ಚಿದವರು ಯಾವ ಕಡೆ ಅಗಿಯುತ್ತಾರೆ, ಮಲಗಿದಾಗ ಹಲ್ಲು ಕಡಿಯುತ್ತಾರೆಯೇ ಎಂಬುದನ್ನೆಲ್ಲ ಹೇಳಬಲ್ಲವನಾಗಿದ್ದ. ಹಾಗಾದರೆ ಕೊಕ್ಕಿನ ಗುರುತು ಎಷ್ಟರ ಮಾತು? ಪ್ಲಾಸ್ಟರಿನಲ್ಲಿ ಮೊಟ್ಟೆಯೊಂದನ್ನು ಎರಕ ಹೊಯ್ದ. ಅದರ ಮೇಲೆ ತೆಳುವಾಗಿ ಮೇಣ ಬಳಿದ. ಒಸಡಿನ ಗುಲಾಬಿ ಮೇಣಕ್ಕೆ ಬಿಳಿ, ಕಂದು ಬೆರೆಸಿ, ಹಲ್ಲಿನ ಬಣ್ಣ ಹೊಂದಿಸುವಾಗ ಮಾಡುವಂತೆ ಕಿಟಕಿಯ ಬೆಳಕಿಗೆ ಹಿಡಿದು, ನಿಜವಾದ ಮೊಟ್ಟೆಯ ಪಕ್ಕದಲ್ಲಿಟ್ಟು, ಕರಗಿಸಿ, ಮತ್ತೆ ಬೆರೆಸಿದ. ಕೊನೆಗೆ ಚಿಪ್ಪಿನ ಮೇಲಿನ ಸಣ್ಣ ಸಣ್ಣ ರಂಧ್ರಗಳನ್ನೂ ಸೂಜಿಯಿಂದ ಚುಚ್ಚಿದಾಗ ಎರಡರಲ್ಲಿ ತನ್ನದು ಯಾವುದು ಎಂದು ಅವನಿಗೇ ಒಂದು ಗಳಿಗೆ ಗಲಿಬಿಲಿಯಾಯಿತು. ದೊರೆಸಾನಿಯೇನಾದರೂ ಇದನ್ನು ಕುಕ್ಕಿದರೆ ಮೇಣದಲ್ಲಿ ತಿವಿದ ಗುರುತು ಬೀಳುತ್ತದೆ. ಹೆಗ್ಗಣವಾದರೆ ಉಳಿಯಂಥ ಹಲ್ಲಿನ ಗೆರೆ. ಹೆಗ್ಗಣವಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮಾಡಿದ ಕೆಲಸ ಯಾರಿಗೂ ಹೇಳದೆ ಶುಕ್ರವಾರ ರಾತ್ರಿ ಅದನ್ನು ಗೂಡಿನಲ್ಲಿಟ್ಟು ಬಂದ.

ಶನಿವಾರ ಬೆಳಿಗ್ಗೆ ಗೂಡಿಗೆ ಹೋಗಿ ನೋಡಿದರೆ ಮೊಟ್ಟೆ ಇಟ್ಟ ಕಡೆ ಇರಲಿಲ್ಲ. ಹುಲ್ಲಿನ ಅಡಿಯಲ್ಲಿತ್ತು. ಅದನ್ನು ಯಾರೋ ಜತನದಿಂದ ಮುಚ್ಚಿದ್ದರು. ಮೇಸ್ತ್ರಿ ಅದನ್ನು ಕಾರ್ಖಾನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದ. ಚೂಪಾದ ತುದಿಯಲ್ಲಿ ಒಂದು ಆಳವಾದ ಕುಳಿ. ಅದರ ಪಕ್ಕದಲ್ಲಿ ಮಾಸಲಾಗಿ ಇನ್ನೆರಡು. ಕೆಳಗಡೆ ಒಪ್ಪವಾದ ಒಂದು ಸಾಲು.

ಕೊಕ್ಕಲ್ಲ, ಹೆಗ್ಗಣವೂ ಅಲ್ಲ. ಮೇಸ್ತ್ರಿಯ ಮನಸ್ಸಿಗೆ ಮೊದಲು ಬಂದ ಮಾತು, 'ಪರವಾಗಿಲ್ಲ, ಒಳ್ಳೇ ಕೆಲಸ.' ಏಕೆಂದರೆ ಆ ಹಲ್ಲುಗಳನ್ನು ಕಟ್ಟಿದವನು ಅವನೇ.

ಮೇಲಿನ ಕೋರೆಹಲ್ಲು ಒಂದಿಷ್ಟು ಮುಂದಕ್ಕೆ ವಾಲಿ, ಮೊನಚಾಗಿ ನಿಂತಿರುವ ಸೆಟ್ಟು ಇಡೀ ಊರಿನಲ್ಲಿ ಒಂದೇ ಒಂದು. ವಾಲಿಸುವುದಿಲ್ಲ ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಮಾವನವರು ಕೇಳಿರಲಿಲ್ಲ. "ನನ್ನ ಸ್ವಂತ ಹಲ್ಲು ಹಾಗೇ ಇತ್ತು ಅಳಿಯಂದ್ರೇ. ಸಾಲಾಗಿ ನಿಂತ ಹಲ್ಲು ಸುಳ್ಳು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತೆ. ನಂದು ನಿಜ ಅನ್ನಿಸ್ಬೇಕು." ಅನ್ನಿಸುತ್ತಿತ್ತು. ಈಗ ಮೇಣದಲ್ಲಿ ಇನ್ನೂ ನಿಜ ಅನ್ನಿಸುತ್ತಿತ್ತು. ಕಪಾಟಿನಿಂದ ಮಾವನವರ ಸೆಟ್ಟಿನ ಪ್ಲಾಸ್ಟರ್ ನಕಲನ್ನು ತೆಗೆದು ಕುಳಿಗೆ ಹಿಡಿದ. ಕೀಲಿ ಬೀಗಕ್ಕೆ ಹೋದಂತೆ ಕೂತಿತು. ಕೋರೆಹಲ್ಲಿನಿಂದ ತುದಿಗೆ ತೂತು ಮಾಡಿ, ಹಸಿ ಮೊಟ್ಟೆಯನ್ನು ಹೀರಿ, ಚಿಪ್ಪನ್ನು ಹಿಸುಕಿ ಗೂಡಿನಲ್ಲೇ ಬಿಟ್ಟು ಬರುವುದು. ಉಳಿದ ಕೆಲಸ ಕೋಳಿಗಳು ನೋಡಿಕೊಳ್ಳುತ್ತಿದ್ದವು.

ಒಳಗೆ ಓಡಿ ಹೋಗಿ ಹೆಂಡತಿಯ ಮುಂದೆ ಮೊಟ್ಟೆ ಹಿಡಿಯಬೇಕು, ದೊರೆಸಾನಿ ಬಚಾವ್. ಮೇಸ್ತ್ರಿ ಬಾಗಿಲವರೆಗೂ ಹೋದ. ಅಲ್ಲಿ ಕಾಲು ನಿಂತಿತು. ಇಸ್ತ್ರಿ ಮಾಡಿಟ್ಟ ಕಪ್ಪು ಕೋಟು ನೆನಪಾಯಿತು. ಜನ್ಮವಿಡೀ ಇನ್ನೊಬ್ಬರನ್ನು ಹಿಡಿದು ಇಳಿಸಿದ ಮನುಷ್ಯ, ಸ್ವಂತ ಮಗಳ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡುವುದು ಅವನಿಂದಾಗದು. ಸುಮ್ಮನಿದ್ದರೆ ನಾಳೆ ಕೋಳಿ ಪಾತ್ರೆಯಲ್ಲಿ.

"ಮಾವ, ಸ್ವಲ್ಪ ಇಲ್ಲಿ ಬನ್ನಿ," ಎಂದು ಕರೆದ.

ಮಾವನವರು ಬಂದರು. ಅಂದು ಬೆಳಗಿನಿಂದ ಅವರ ಮಾತು ಕಡಿಮೆಯಾಗಿತ್ತು.

"ಸೆಟ್ಟು ಬಿಚ್ಚಿ ಕೊಡಿ. ಒಂದು ಹಲ್ಲು ತೀರಾ ಮೊನಚಾಗಿದೆ ಅನ್ಸುತ್ತೆ. ಎಲ್ಲೆಲ್ಲೋ ತಗಲ್ತಾ ಇದೆ."

"ಎಲ್ಲೆಲ್ಲೋ ಅಂದ್ರೆ?"

ಮೇಸ್ತ್ರಿ ಮೊಟ್ಟೆಯನ್ನು ಮೇಜಿನ ಮೇಲಿಟ್ಟ. ಮಾವನವರು ಅದನ್ನೇ ನೋಡಿದರು. ಹೊರಗೆ ಹುಂಜ ಒಮ್ಮೆ ಕೂಗಿ, ಯಾರೂ ಉತ್ತರಿಸದ್ದರಿಂದ ಸುಮ್ಮನಾಯಿತು.

"ಮೇಣಾನಾ?" ಎಂದರು ಕೊನೆಗೆ.

"ಒಳಗೆ ಪ್ಲಾಸ್ಟರ್."

"ನಾನೂ ಅಂದ್ಕೊಂಡೆ, ಈ ಕೋಳಿಗೇನೋ ಕಾಯಿಲೆ ಬಂದಿದೆ ಅಂತ."

ಮೇಸ್ತ್ರಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ. ಮಾವನವರು ಸ್ಟೂಲ್ ಎಳೆದುಕೊಂಡು ಕೂತರು. ಅಳಿಯಂದಿರು ಎಂಬ ಬಹುವಚನ ಅಷ್ಟರಲ್ಲೇ ಕರಗಿಹೋಗಿತ್ತು. "ನೋಡಪ್ಪಾ, ಬಿಳಿ ತಿಂದೂ ತಿಂದೂ ಬಾಯೆಲ್ಲ ಸುಣ್ಣ ಬಳಿದ ಗೋಡೆ ಆಗಿದೆ. ಅವಳಿಗೆ ಹೇಳ್ಬೇಡ. ಇನ್ನೊಂದ್ಸಲ ಮಾಡಲ್ಲ."

"ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಏನು ಹೇಳ್ತಿದ್ರು ಮಾವ?"

"ಇದೇ. ಇನ್ನೊಂದ್ಸಲ ಮಾಡಲ್ಲ ಅಂತ."

"ನೀವೇನು ಮಾಡ್ತಿದ್ರಿ?"

"ಮುಂದಿನ ಸ್ಟೇಶನ್‌ನಲ್ಲಿ ಇಳಿಸ್ತಿದ್ದೆ."

ಮೇಸ್ತ್ರಿ ಅಂಗೈ ಚಾಚಿದ. ಮಾವನವರು ಆ ಅಂಗೈ ನೋಡಿದರು, ಅಳಿಯನ ಮುಖ ನೋಡಿದರು, ಬಾಯಿಂದ ಸೆಟ್ಟು ತೆಗೆದು ಅದರ ಮೇಲಿಟ್ಟರು. ಕೆನ್ನೆಗಳು ಒಳಗೆ ಹೋಗಿ, ಮುಖ ಮಗುವಿನದಾಯಿತು.

"ಯಾವಾಗ ಕೊಡ್ತೀಯಾ?" ಎಂಬುದು ಗಾಳಿಯ ರೂಪದಲ್ಲಿ ಬಂತು.

"ಸೋಮವಾರ."

"ನಾಳೆ ಕೋಳಿ ಊಟ ಕಣೋ!"

"ಹೌದಲ್ವಾ," ಎಂದ ಮೇಸ್ತ್ರಿ. "ಮುದಿ ಹೇಂಟೆ ಬೇರೆ. ಮಾಂಸ ಚಕ್ಕಳದ ಹಾಗಿರುತ್ತೆ. ಎಳೇದಾಗಿದ್ರೆ ಒಸಡಲ್ಲೇ ನಾಲ್ಕು ಚೂರು ಅಗೀಬಹುದಿತ್ತು. ಆ ಎಳೇ ಹುಂಜದ ಥರ."

ಮಾವನವರು ತಪಾಸಣೆಯ ಕೆಲಸದಲ್ಲಿ ಹೆಸರು ಮಾಡಿದವರು. ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಅಂದಿನ ಊಟದ ಹೊತ್ತಿಗೆ ಮಗಳ ಮುಂದೆ ದೊರೆಸಾನಿಯ ಪರವಾಗಿ ಅವರು ವಾದ ಹೂಡಿದರು. ಹಲ್ಲಿಲ್ಲದ್ದರಿಂದ ಅರ್ಧ ಮಾತು ಗಾಳಿಗೆ ಹೋದರೂ ತಾತ್ಪರ್ಯ ಸ್ಪಷ್ಟವಿತ್ತು: ಪಾಪದ ಪಕ್ಷಿ, ಒಂದೆರಡು ಸಲ ಎಡವಿರಬಹುದು, ಯಾರು ಎಡವಲ್ಲ ಹೇಳು, ತಿದ್ದಿಕೊಳ್ಳೋಕೆ ಅವಕಾಶ ಬೇಡವೇ?

ಮಗಳು ಸೌಟು ಹಿಡಿದೇ ನಿಂತಳು. "ಅಪ್ಪಾ, ಮುಖ ನೋಡೇ ಕಳ್ಳಿ ಅಂದವರು ನೀವೇ ಅಲ್ವಾ?"

"ಬೆಳಕು ಸರಿ ಇರ್ಲಿಲ್ಲಮ್ಮಾ."

"ಏನ್ರೀ, ನಿಮ್ಮ ತನಿಖೆ ಏನಾಯ್ತು?"

ಮೇಸ್ತ್ರಿಯ ಜೇಬಿನಲ್ಲಿ ಮೊಟ್ಟೆ ಇತ್ತು. ಊಟಕ್ಕೆ ಬರುವ ಮುಂಚೆ ಅವನು ಬಿಸಿ ಚಾಕುವಿನಿಂದ ಅದರ ಮೇಲಿನ ಕುಳಿಯನ್ನು ಮುಚ್ಚಿ, ನುಣ್ಣಗೆ ತಿದ್ದಿ, ರಂಧ್ರಗಳನ್ನು ಮತ್ತೆ ಚುಚ್ಚಿದ್ದ. ತೆಗೆದು ತೋರಿಸಿದ. "ಇದನ್ನ ಗೂಡಿನಲ್ಲಿಟ್ಟಿದ್ದೆ. ಕುಕ್ಕಿದ್ರೆ ಕೊಕ್ಕು ನೋಯುತ್ತೆ, ಬುದ್ಧಿ ಬರುತ್ತೆ. ಬಂದಿದೆ."

ಅವಳು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೋಗ್ಲಿ, ಹುಂಜಾನೇ ಆಗ್ಲಿ. ಹೊತ್ತಿಲ್ಲ ಗೊತ್ತಿಲ್ಲ, ಅರಚ್ತಾ ಇರುತ್ತೆ. ಆದ್ರೆ ಆ ಕಳ್ಳಿ ಮೇಲೆ ನಾನೊಂದು ಕಣ್ಣಿಟ್ಟಿರ್ತೀನಿ."

ಕಳ್ಳಿ ಎಂಬ ಮಾತು ಮೇಸ್ತ್ರಿಗೆ ಚುಚ್ಚಿತು. ಮಾವನವರು ತಮ್ಮ ತಟ್ಟೆಯ ಗುಂಡಿಯನ್ನು ನೋಡುತ್ತಿದ್ದರು.

ಭಾನುವಾರ ಹುಂಜ ಬೆಂದಿತು. ಅದರ ಪರ ವಾದಿಸಲು ಯಾರೂ ಇರಲಿಲ್ಲ. ಒಸಡಿಗೆ ಅದೂ ಬಗ್ಗದೆ, ಮಾವನವರು ಸೂಪು ಕುಡಿದರು. ಸೋಮವಾರ ಅವರ ಸೆಟ್ಟು ವಾಪಸು ಬಂತು, ಕೋರೆಹಲ್ಲು ಉಳಿದವುಗಳ ಸಾಲಿಗೆ ಸರಿಯಾಗಿ ನಿಂತು, ತುದಿ ಸವೆಸಿಕೊಂಡು. ಆಮೇಲೆ ಗೂಡಿನಲ್ಲಿ ಮೊಟ್ಟೆ ಕಡಿಮೆಯಾಗಲಿಲ್ಲ. ದೊರೆಸಾನಿಯನ್ನು ಆ ಮನೆಯಲ್ಲಿ ಈಗಲೂ ಕಳ್ಳಿ ಎಂದೇ ಕರೆಯುತ್ತಾರೆ.