ಎಡತೋಳಿನ ಗುಂಡಿಗಳು

ಒಂದಾನೊಂದು ಕಾಲದಲ್ಲಿ ಒಬ್ಬಳು ದರ್ಜಿ ಇದ್ದಳು. ತೀರ ಹಳೆಯ ಕಾಲವೇನಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರು ಬಂದಿತ್ತು, ದರ್ಜಿಯ ಬೆನ್ನುನೋವು ಮಾತ್ರ ರಾಜರ ಕಾಲದ್ದೇ ಆಗಿತ್ತು.

ಅವಳನ್ನು ಸಾಕಿದವಳು ಸೋದರತ್ತೆ. ಲಕ್ವ ಹೊಡೆದು ಅತ್ತೆಯ ಎಡಗೈ ಬಿದ್ದುಹೋದ ಮೇಲೆ, ಬೆಳಗಾದರೆ ದರ್ಜಿಯೇ ಅಂಗಿ ತೊಡಿಸಬೇಕು. ಆ ಕೈಯನ್ನು ತೋಳಿನೊಳಗೆ ತೂರಿಸುವಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಬಾಯಿಯಿಂದಲೇ ಬದುಕಿದವಳು ಆ ಹೊತ್ತಿನಲ್ಲಿ ಮೂಕಿ.

"ತೋಳು ಬಿಚ್ಚಿ ಉದ್ದಕ್ಕೂ ಗುಂಡಿ ಇಟ್ಟುಕೊಡ್ತೀನತ್ತೆ. ಆಮೇಲೆ ನೀನೇ ಹಾಕ್ಕೋಬಹುದು," ಎಂದು ದರ್ಜಿ ಮಾತು ಕೊಟ್ಟಳು.

ಕೊಟ್ಟಳೇನೋ ಸರಿ. ಅಂಗಡಿಯಲ್ಲಿ ಒಬ್ಬರದು ಸಡಿಲ, ಇನ್ನೊಬ್ಬರದು ಬಿಗಿ. ಎಲ್ಲರಿಗೂ ನಿಂತ ಕಾಲಲ್ಲೇ ಬೇಕು. ಅತ್ತೆಯ ಅಂಗಿ ಗೂಟಕ್ಕೆ ನೇತಾಡುತ್ತಲೇ ಇತ್ತು.

"ನನ್ನ ಅಂಗಿ ಅಂದ್ರೆ ನಿನ್ನ ಕೈಗೂ ಲಕ್ವ ಹೊಡೆಯುತ್ತಾ?" ಎನ್ನುತ್ತಿದ್ದಳು ಅತ್ತೆ.

ರಜೆಯ ದಿನ ದರ್ಜಿ ಧ್ಯಾನಮಂದಿರಕ್ಕೆ ಹೋಗುತ್ತಿದ್ದಳು, ಅರ್ಧ ಧ್ಯಾನಕ್ಕೆ, ಅರ್ಧ ತೂಕಡಿಕೆಗೆ. ಅಲ್ಲಿನ ಮುದಿ ಭಿಕ್ಷುಣಿ ಕರುಣೆ, ಸಮಚಿತ್ತ ಎಂದು ಶುರುಮಾಡಿದಾಗ ಅವಳು ಕೇಳಿಯೇಬಿಟ್ಟಳು: "ಬೈಸ್ಕೊಂಡು ಸುಮ್ನಿರೋದೇ ಸಮಚಿತ್ತ ಆದ್ರೆ ನಾನು ಯಾವತ್ತೋ ಪಾಸು, ಅಲ್ವಾ ಅಮ್ಮ?"

ಭಿಕ್ಷುಣಿ ನಕ್ಕರು. "ಬಾಯಿ ಸುಮ್ನಿದ್ರೆ ಸಾಲದು ಮಗಳೇ. ಆಗ ಕೈ ಏನು ಮಾಡ್ತಿರುತ್ತೆ, ನೋಡ್ಕೋ."

ಮರುದಿನ ಮಧ್ಯಾಹ್ನವೇ ಅಂಗಡಿಯ ಕದ ಎಳೆದು ಅವಳು ಅತ್ತೆಯ ಅಂಗಿಯನ್ನು ಒಳಹೊರಗು ಮಾಡಿ ಹಾಸಿದಳು. ಹೊಲಿಗೆ ಬಿಚ್ಚಿ, ಅಂಚು ಮಡಚಿ, ಅದುಮಿ ಹಾಕುವ ಟಿಚ್ ಬಟನ್ ಕೂರಿಸಿದಳು. ಮನೆಗೆ ತಂದು ಅತ್ತೆಯ ಮಡಿಲಲ್ಲಿ ಹರಡಿದಾಗಲೇ ಗೊತ್ತಾದದ್ದು, ಬಿಚ್ಚಿದ್ದು ಬಲತೋಳು. ತಿರುವಿದ ಬಟ್ಟೆಯಲ್ಲಿ ಎಡ ಬಲವಾಗುತ್ತದೆ ಎಂಬುದು ದರ್ಜಿಯ ಮೊದಲ ಪಾಠ. ದಣಿದ ಕಣ್ಣು ಅದನ್ನೂ ಮರೆತಿತ್ತು.

"ಅಯ್ಯೋ ಜಾಣೆ! ಉಳಿದಿರೋ ಕೈಯೂ ಬೀಳುತ್ತೆ ಅಂತ ಮುಂಚೆನೇ ಹೊಲ್ದು ಇಟ್ಯಾ?"

ದರ್ಜಿಯ ಸಿಟ್ಟು ನೆತ್ತಿಗೇರಿತು. ಬೇಕಾದ್ರೆ ಹಾಕ್ಕೋ, ಇಲ್ದಿದ್ರೆ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅತ್ತೆಯ ಗದ್ದ ನಡುಗುವುದು ಕಂಡಿತು. ನಾಳೆ ಬೆಳಿಗ್ಗೆಯೂ ಅತ್ತೆ ಗೋಡೆ ನೋಡಬೇಕಲ್ಲ.

"ತಪ್ಪಾಯ್ತತ್ತೆ," ಎಂದು ಅಲ್ಲೇ ನೆಲಕ್ಕೆ ಕೂತು ಎಡತೋಳಿಗೆ ಕತ್ತರಿ ಹಾಕಿದಳು. ಅತ್ತೆ ಬೈಯುತ್ತಲೇ ಇದ್ದಳು, ಸೂಜಿ ಓಡುತ್ತಲೇ ಇತ್ತು. ಇದು ಸಮಚಿತ್ತವೋ ಬರೀ ಸುಸ್ತೋ, ಅವಳಿಗೇ ತಿಳಿಯಲಿಲ್ಲ. ಬೈಗುಳದ ನಡುವೆ ಎಲ್ಲೋ "ಬೆನ್ನಿಗೆ ದಿಂಬು ಇಟ್ಕೋಬಾರ್ದೇನೆ, ಗೂನಿ" ಎಂಬುದೂ ಬಂತು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಅವಳು ಬಲತೋಳಿನ ಗುಂಡಿಗಳನ್ನು ಅದುಮಿ ಮುಚ್ಚಿ, ಅಂಗಿಯನ್ನು ಮಂಚದ ಮೇಲಿಟ್ಟು ಹಿಂದೆ ಸರಿದಳು.

ಅತ್ತೆ ಬಲಗೈಯಿಂದ ಎಡಗೈಯನ್ನು ಎತ್ತಿ ಬಿಚ್ಚಿದ ತೋಳಿನ ಮೇಲೆ ಇಟ್ಟುಕೊಂಡಳು. ಒಂದೊಂದೇ ಗುಂಡಿ ಅದುಮಿದಳು. ನಡುವಿನದು ತಪ್ಪು ಜೋಡಿಗೆ ಸಿಕ್ಕಿತು. ದರ್ಜಿಯ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದು ಮಡಿಲಲ್ಲಿ ಬಿಗಿಹಿಡಿದಳು.

ಅತ್ತೆ ಕಿತ್ತು ಮತ್ತೆ ಅದುಮಿದಳು. ಬೆನ್ನ ಹಿಂದಿನಿಂದ ಅಂಗಿ ಸುತ್ತಿ ಬಲಗೈ ತೂರಿಸಿದಳು. ಕೊರಳ ಗುಂಡಿಯನ್ನೂ ಹಾಕಿಕೊಂಡಳು.